ಗಡಾಯಿಕಲ್ಲು ಕಾಣ್ತದಾ?

ಬೆಳಿಗ್ಗೆ ಆರೂಕಾಲಿಗೆ ಫೋನ್ ಬಂದರೆ ಬೇರೆಯವರ ಎದೆ ಧಸಕ್ ಅನ್ನುತ್ತದೆ. ನನಗೆ ನವೆಂಬರ್ ಕೊನೆಯಿಂದ ಜನವರಿ ತನಕ ಅದೇ ಅಲಾರಂ. ಅಪ್ಪ 'ಹಲೋ' ಕೂಡ ಹೇಳುವುದಿಲ್ಲ. "ಬರ್ಸ ಬರ್ಪುಂಡಾ?" ಅಂತ ನೇರ ವಿಷಯಕ್ಕೆ. ಮಳೆ ಬರ್ತದಾ ಅಂತ. ಅಡಿಕೆ ಒಣಗಲು ಹಾಕಿದ ಅಂಗಳ ಇರುವುದು ಬೆಳ್ತಂಗಡಿ ತಾಲೂಕಿನಲ್ಲಿ, ಉತ್ತರ ಹೇಳಬೇಕಾದವಳು ಬೆಂಗಳೂರಿನ ಜೆ.ಪಿ. ನಗರದ ಮೂರನೇ ಮಹಡಿಯಲ್ಲಿ ಬಾಯಿ ತುಂಬ ಪೇಸ್ಟ್ ಇಟ್ಟುಕೊಂಡು ನಿಂತಿರುವ ನಾನು.

ಇವತ್ತು ನನ್ನ ಕಿಟಕಿಯಾಚೆ ಸೋನೆ. ನಿನ್ನೆ ಮಧ್ಯಾಹ್ನದಿಂದ ಶುರುವಾದದ್ದು, ಬಟ್ಟೆ ಒಣಗದಷ್ಟು ಉಂಟು, ಕೊಡೆ ಹಿಡಿಯುವಷ್ಟು ಇಲ್ಲ. ಬೀದಿ ಕೊನೆಯ ಹೂವಿನಮ್ಮ ಬುಟ್ಟಿಗೆ ಪ್ಲಾಸ್ಟಿಕ್ ಹೊದೆಸಿ, ತಾನೂ ತಲೆಗೆ ಟವೆಲ್ ಸುತ್ತಿಕೊಂಡು, "ಸೈಕ್ಲೋನ್ ಬಿದ್ದೈತಂತೆ ಅಕ್ಕಾ" ಅಂದಳು. ಬೆಂಗಳೂರಿನಲ್ಲಿ ಡಿಸೆಂಬರ್ ಮಳೆಗೆಲ್ಲ ಅದೊಂದೇ ಹೆಸರು. ಈ ಸಲ ಸೈಕ್ಲೋನ್ ಏನಿಲ್ಲ, ಬಂಗಾಳಕೊಲ್ಲಿಯಲ್ಲಿ ಒಂದು ವಾಯುಭಾರ ಕುಸಿತ ಅಷ್ಟೆ. ಅದು ತಮಿಳುನಾಡಿನ ಕಡೆ ಮೆಲ್ಲ ಸರಿಯುತ್ತಿದೆ. ಇನ್ನು ನಾಲ್ಕೈದು ದಿನ ಕರಾವಳಿಯಲ್ಲಿ ಮೋಡ, ಅಲ್ಲಲ್ಲಿ ಗುಡುಗು ಮಳೆ ಅಂತ ಮುನ್ಸೂಚನೆ. ಅಂದರೆ ನಮ್ಮ ಮನೆಯ ನಾಲ್ಕೈದು ದಿನದ ನೆಮ್ಮದಿ ಹೋಯಿತು.

ಅಂಗಳದಲ್ಲಿ ಮೊದಲ ಕೊಯ್ಲಿನ ಅಡಿಕೆ ಉಂಟು. ನಮ್ಮ ಕಡೆ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ನಲವತ್ತು ನಲವತ್ತೈದು ದಿನ ಬಿಸಿಲಿಗೆ ಹಾಕಿ ಒಣಗಿಸುತ್ತಾರೆ, ಆಮೇಲೆ ಸುಲಿದರೆ ಚಾಲಿ. ಮೊದಲ ವಾರ ಅಂಗಳ ಕೇಸರಿ ಬಣ್ಣ. ಎರಡನೇ ವಾರಕ್ಕೆ ಕಂದು. ಅಮ್ಮ ದಿನಕ್ಕೆರಡು ಸಲ ಅದರ ನಡುವೆ ಕಾಲೆಳೆದುಕೊಂಡು ನಡೆದು ಸಾಲು ಮಗುಚುತ್ತಾಳೆ. ಕೊನೆಕೊನೆಗೆ ಅಪ್ಪ ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಅಡಿಕೆ 'ಗುಡುಗುಡು' ಅಂದರೆ ಸಿಪ್ಪೆ ಬಿಟ್ಟಿತು, ಒಣಗಿತು ಅಂತ. ಸದ್ದು ಬಾರದಿದ್ದರೆ ಮತ್ತೆ ಅಂಗಳಕ್ಕೆ. ಸಣ್ಣವಳಿದ್ದಾಗ ನನಗೆ ಕೊಟ್ಟ ಮೊದಲ ಜವಾಬ್ದಾರಿಯ ಕೆಲಸ ಅದು, ಸುಳ್ಳು ಹೇಳಿ ಬೈಸಿಕೊಂಡದ್ದೂ ಅದರಲ್ಲೇ.

ಈ ನಲವತ್ತು ದಿನದ ನಡುವೆ ಒಂದು ಸಂಜೆ ಮಳೆ ನೆನೆದರೆ ಅಡಿಕೆಗೆ ಬೂಸ್ಟು. ಹೊರಗಿನಿಂದ ಗೊತ್ತಾಗುವುದಿಲ್ಲ. ಸುಲಿದು ತುಂಡು ಮಾಡಿದಾಗ ಒಳಗೆ ಕಪ್ಪು ಗೆರೆ. ಚಾಲಿಯ ರೇಟು ಹೋಗಿ ಕಡಿಮೆ ದರ್ಜೆಯ ಪಟೋರದ ರೇಟಿಗೆ ಇಳಿಯುತ್ತದೆ. ಹಾಗಂತ ಹೆದರಿಕೊಂಡು ಟರ್ಪಾಲು ಮುಚ್ಚಿಯೇ ಇಟ್ಟರೂ ಅದೇ ಕಥೆ. ಟರ್ಪಾಲಿನ ಒಳಗೆ ಅಡಿಕೆ ಬೆವರುತ್ತದೆ. ಮಧ್ಯಾಹ್ನ ಅಂಚು ಎತ್ತಿದರೆ ಪ್ಲಾಸ್ಟಿಕ್ಕಿನ ಒಳಮೈಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ, ಹುಳಿ ಹುಳಿ ಬಿಸಿ ವಾಸನೆ ಮುಖಕ್ಕೆ ಹೊಡೆಯುತ್ತದೆ. ಮೂರು ದಿನ ಹಾಗೇ ಬಿಟ್ಟರೆ ಮಳೆ ಬಾರದೆಯೂ ಬೂಸ್ಟು. ಆದ್ದರಿಂದ 'ಎಚ್ಚರಿಕೆಯಿಂದಿರಿ' ಅನ್ನುವ ಸಲಹೆ ನಮಗೆ ಉಪಯೋಗಕ್ಕೆ ಬರುವುದಿಲ್ಲ. ಬರದ ಮಳೆಗೆ ಮುಚ್ಚಿದರೂ ನಷ್ಟ, ಬರುವ ಮಳೆಗೆ ಬಿಟ್ಟರೂ ನಷ್ಟ.

ಹವಾಮಾನ ಇಲಾಖೆಯನ್ನು ನಾನು ದೂರುವುದಿಲ್ಲ. ಅವರ ಭಾಷೆ ಕಲಿತುಕೊಳ್ಳದೆ ಓದಿದರೆ ತಪ್ಪು ನಮ್ಮದೇ. 'ಒಂದೆರಡು ಕಡೆ', 'ಕೆಲವು ಕಡೆ', 'ಹಲವು ಕಡೆ', 'ಬಹುತೇಕ ಕಡೆ' ಅಂತ ಬುಲೆಟಿನ್‌ನಲ್ಲಿ ಬರುತ್ತದಲ್ಲ, ಅದು ಬಾಯಿಗೆ ಬಂದದ್ದು ಬರೆಯುವುದಲ್ಲ. ಮಳೆ ಅಳೆಯುವ ಕೇಂದ್ರಗಳಲ್ಲಿ ಕಾಲುಭಾಗ ಅಥವಾ ಅದಕ್ಕಿಂತ ಕಡಿಮೆ ಕಡೆ ಮಳೆಯಾಗುವಂತಿದ್ದರೆ 'ಒಂದೆರಡು ಕಡೆ'. ಅರ್ಧದವರೆಗೆ 'ಕೆಲವು ಕಡೆ'. ಮುಕ್ಕಾಲಿನವರೆಗೆ 'ಹಲವು ಕಡೆ'. ಅದರ ಮೇಲೆ 'ಬಹುತೇಕ'. ಇಲಾಖೆಗೆ ಕರಾವಳಿ ಅಂದರೆ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಮೂರೂ ಸೇರಿದ ಒಂದು ವಿಭಾಗ. ಕಾರವಾರದಿಂದ ತಲಪಾಡಿಗೆ ಸುಮಾರು 300 ಕಿಲೋಮೀಟರ್. ಅಷ್ಟರೊಳಗೆ 'ಒಂದೆರಡು ಕಡೆ' ಅಂದರೆ ನಮ್ಮ ಅಂಗಳವೋ ಕುಮಟಾದ ಯಾರದೋ ಅಂಗಳವೋ ಅಂತ ಹೇಳುವುದು ಹೇಗೆ?

ಇನ್ನೊಂದು ಲೆಕ್ಕ ಕೇಳಿ. 24 ಗಂಟೆಯಲ್ಲಿ 2.5 ಮಿಲಿಮೀಟರ್ ಬಿದ್ದರೆ ಮಾತ್ರ ಇಲಾಖೆಯ ಪ್ರಕಾರ ಅದು 'ಮಳೆಯ ದಿನ'. 'ಭಾರೀ ಮಳೆ' ಅನ್ನಿಸಿಕೊಳ್ಳಲು 64.5 ಮಿಲಿಮೀಟರ್ ದಾಟಬೇಕು. ಜೂನ್ ತಿಂಗಳಲ್ಲಿ ಇದೆಲ್ಲ ಸರಿ. ಡಿಸೆಂಬರಿನಲ್ಲಿ ಎರಡು ಮಿಲಿಮೀಟರ್ ಬಿದ್ದರೆ ಇಲಾಖೆಯ ಪುಸ್ತಕದಲ್ಲಿ ಅದು ಮಳೆಯ ದಿನವೇ ಅಲ್ಲ, ನಮ್ಮ ಅಪ್ಪನ ಪುಸ್ತಕದಲ್ಲಿ ಪ್ರಳಯ. ಮೀನುಗಾರರ ಪಾಲಿಗೆ ಮುನ್ಸೂಚನೆ ಹೀಗೆ ಗೊಂದಲದ್ದಲ್ಲ. ಗಂಟೆಗೆ 35ರಿಂದ 45 ಕಿಲೋಮೀಟರ್ ಗಾಳಿ, ಒಮ್ಮೊಮ್ಮೆ 55, ಕಡಲಿಗೆ ಇಳಿಯಬೇಡಿ. ಮುಗೀತು. ಅಡಿಕೆಗೂ ಯಾರಾದರೂ ಹಾಗೆ 'ಇವತ್ತು ಹರಡಬೇಡಿ' ಅಂತ ಕಡ್ಡಿ ಮುರಿದ ಹಾಗೆ ಹೇಳಬಾರದೇ ಅನ್ನಿಸುತ್ತದೆ.

ಹೇಳುವ ಕೆಲಸ ನನ್ನ ತಲೆಗೆ ಬಿದ್ದು ಆರು ವರ್ಷವಾಯಿತು. ಒಂದು ಸಲ ಸರಿಯಾಗಿ ಮುಗ್ಗರಿಸಿದ್ದೇನೆ, ಆ ಕಥೆ ಈಗಲೂ ಮನೆಯಲ್ಲಿ ಪ್ರತಿ ವರ್ಷ ಊಟದ ಹೊತ್ತಿಗೆ ಬಡಿಸುತ್ತಾರೆ.

ಅದು 2024ರ ಫೆಂಗಲ್ ಚಂಡಮಾರುತ. ನವೆಂಬರ್ 30ರ ರಾತ್ರಿ ಪುದುಚೇರಿ ಹತ್ತಿರ ನೆಲಕ್ಕೆ ಬಂತು. ಮರುದಿನವೆಲ್ಲ ಟಿ.ವಿ.ಯಲ್ಲಿ 'ದುರ್ಬಲಗೊಂಡ ಫೆಂಗಲ್', 'ಕ್ಷೀಣಿಸಿದ ಚಂಡಮಾರುತ'. ನಾನು ಸಮಾಧಾನದಿಂದ ಅಪ್ಪನಿಗೆ, "ಅದು ಸತ್ತಿತು, ಇನ್ನು ಹರಡಿ" ಅಂದೆ. ದುರ್ಬಲ ಅನ್ನುವುದು ಗಾಳಿಯ ವೇಗದ ಮಾತು ಅಂತ ಆಗ ನನ್ನ ತಲೆಗೆ ಹೋಗಿರಲಿಲ್ಲ. ಗಾಳಿ ಇಳಿದರೂ ಮೋಡದ ಒಳಗಿನ ನೀರು ಎಲ್ಲಿಗೆ ಹೋಗುತ್ತದೆ? ಅದರ ಅವಶೇಷ ಮೆಲ್ಲಗೆ ಪಶ್ಚಿಮಕ್ಕೆ ಸರಿದು, ಒಳನಾಡು ದಾಟಿ, ನಮ್ಮ ಕಡೆಯೇ ಬಂತು. ಡಿಸೆಂಬರ್ 3ಕ್ಕೆ ದಕ್ಷಿಣ ಕನ್ನಡದ ಶಾಲೆಗಳಿಗೆ ಮಳೆ ರಜೆ. ಡಿಸೆಂಬರಿನಲ್ಲಿ ಮಳೆ ರಜೆ! ಮಕ್ಕಳು ಕುಣಿದರು. ನಮ್ಮ ಅಂಗಳದಲ್ಲಿ ಹದಿನಾರು ದಿನ ಒಣಗಿದ್ದ ಅಡಿಕೆ ಕೆಸರು ನೀರಿನಲ್ಲಿ ತೇಲಿ ತುಳಸಿಕಟ್ಟೆಯ ಬುಡಕ್ಕೆ ಸೇರಿತ್ತು. ಅಪ್ಪ ಬೈಯಲಿಲ್ಲ. ಫೋನಿನಲ್ಲಿ "ನಿನ್ನ ಸತ್ತ ಸೈಕ್ಲೋನು ಬಂದು ಹೋಯಿತು ಮಗಾ" ಅಂದರು, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಆಮೇಲೆ ನಾನು ಉಪಗ್ರಹದ ಚಿತ್ರಗಳನ್ನು ಬಿಟ್ಟು ಜನರನ್ನು ಕೇಳಲು ಶುರು ಮಾಡಿದೆ. ಮುಖ್ಯವಾಗಿ ಒಬ್ಬಳನ್ನು.

ನನ್ನ ಆಫೀಸಿನಲ್ಲಿ ಮೂಡಿಗೆರೆ ಕಡೆಯ ಒಬ್ಬಳಿದ್ದಾಳೆ. ಅವರದು ಕಾಫಿ. ಡಿಸೆಂಬರಿನಲ್ಲಿ ಅವರ ಕಣದ ತುಂಬ ಹಣ್ಣು ಕಾಫಿ, ಅವಳ ಅಪ್ಪನದೂ ಇದೇ ಫೋನು, ಇದೇ ಪ್ರಶ್ನೆ. ಮೊದಮೊದಲು ಮಧ್ಯಾಹ್ನದ ಊಟದ ಹೊತ್ತಿಗೆ ಇಬ್ಬರೂ ಟೆರೇಸಿನಲ್ಲಿ ಕೂತು ಮೊಬೈಲಿನಲ್ಲಿ ಮೋಡ ನೋಡುತ್ತಾ ದುಃಖ ಹಂಚಿಕೊಳ್ಳುತ್ತಿದ್ದೆವು. ಒಂದು ದಿನ ಅವಳು, "ನಮ್ಮಲ್ಲಿ ಈಗ ಹೊಡೀತು ಕಣೇ, ಅಪ್ಪ ಕಣ ಮುಚ್ಚೋಕೆ ಓಡಿದ್ರಂತೆ" ಅಂದಳು. ಮೂರು ಗಂಟೆ ದಾಟಿತ್ತು. ನಾಲ್ಕೂವರೆಗೆ ನಮ್ಮ ಮನೆಯಿಂದ ಫೋನು, ಅಲ್ಲಿ ಗುಡುಗು ಶುರು.

ಯೋಚಿಸಿದರೆ ಸಹಜವೇ. ಜೂನ್ ಮಳೆ ನಮಗೆ ಪಡುವಣದಿಂದ, ಕಡಲಿಂದ ಬರುತ್ತದೆ. ಈ ಹಿಂಗಾರಿನ ಮಳೆ ಮೂಡಣದಿಂದ. ಬಂಗಾಳಕೊಲ್ಲಿಯ ತೇವ ಬೆಂಗಳೂರಿನ ಮೇಲೆ ಸೋನೆ ಸುರಿಸಿ, ಮೂಡಿಗೆರೆಯ ಮಲೆನಾಡು ಹಾಯ್ದು, ಚಾರ್ಮಾಡಿ ಘಾಟಿ ಇಳಿದು ನಮ್ಮ ಅಂಗಳಕ್ಕೆ. ನಾನು ಊರಿಗೆ ಹೋಗುವ ಬಸ್ಸಿನ ದಾರಿಯೇ. ಅದಕ್ಕೇ ಬೆಂಗಳೂರಿನ ಮೋಡಕ್ಕೂ ಊರಿನ ಮಳೆಗೂ ನೆಂಟಸ್ತಿಕೆ ಇದ್ದರೂ ಚೆಹರೆ ಬೇರೆ. ಇಲ್ಲಿ ದಿನವಿಡೀ ಸ್ವೆಟರು, ಬಿಸಿ ಅವರೆಕಾಳು ಉಪ್ಪಿಟ್ಟು. ಅಲ್ಲಿ ಮಧ್ಯಾಹ್ನದ ತನಕ ಬೆವರು ಕಿತ್ತುಬರುವ ಸೆಕೆ, ಸಂಜೆ ಒಂದೇ ಹೊಡೆತಕ್ಕೆ ಗುಡುಗು. ಆಕಾಶ ತಿಳಿಯಾಗಿದ್ದ ದಿನಗಳಲ್ಲಂತೂ ಘಟ್ಟ ಇಳಿಯುವ ಮೂಡುಗಾಳಿ ಇಳಿಯುತ್ತಾ ಬಿಸಿಯಾಗುತ್ತದೆ, ಕಡಲಗಾಳಿಯನ್ನು ಬೇಗ ಒಳಗೆ ಬಿಡುವುದೂ ಇಲ್ಲ. ಮಂಗಳೂರು, ಹೊನ್ನಾವರ, ಕಾರವಾರಗಳು ಚಳಿಗಾಲದಲ್ಲಿ ದೇಶದಲ್ಲೇ ಅತಿ ಬಿಸಿಯ ಊರುಗಳ ಪಟ್ಟಿಯಲ್ಲಿ ಮತ್ತೆ ಮತ್ತೆ ಮೊದಲು ಬರುವುದು ಹೀಗೆ. ಕರಾವಳಿಯ ಚಳಿಗಾಲ ಅಂದಾಗ ಅಪ್ಪ ನಗುತ್ತಾರೆ. "ಚಳಿ ಉಂಟು, ಬೆಳಿಗ್ಗೆ ಐದರಿಂದ ಏಳರವರೆಗೆ."

ಅಪ್ಪನ ಹತ್ತಿರ ಇದಕ್ಕೆಲ್ಲ ಮೊದಲೇ ಒಂದು ಉಪಕರಣ ಇತ್ತು, ಗಡಾಯಿಕಲ್ಲು. ನಮ್ಮ ಅಂಗಳದ ಮೂಲೆಯಲ್ಲಿ ನಿಂತರೆ ತೆಂಗಿನಮರಗಳ ಸಂದಿಯಲ್ಲಿ ಆ ಕರಿಬಂಡೆ, ಅದರ ಹಿಂದೆ ಕುದುರೆಮುಖದ ಸಾಲು. ಮಧ್ಯಾಹ್ನ ಹಿಂದಿನ ಸಾಲು ಮಾಯವಾದರೆ ಗಾಬರಿ ಬೇಡ. ಕಲ್ಲಿನ ತಲೆ ಮಾಯವಾದರೆ ಟರ್ಪಾಲು ಎಳೆಯಲು ಸಮಯ. ಪೂರ್ತಿ ಮಾಯವಾದರೆ ತಡವಾಯಿತು. ಈಗ ಇಬ್ಬರ ಲೆಕ್ಕವನ್ನೂ ಸೇರಿಸಿಕೊಂಡಿದ್ದೇವೆ. ಮೂಡಿಗೆರೆಯಿಂದ ಸುದ್ದಿ ಬಂದ ಕೂಡಲೇ ನಾನು ಫೋನ್ ಮಾಡಿ "ಕಲ್ಲು ಕಾಣ್ತದಾ?" ಅಂತ ಕೇಳುತ್ತೇನೆ. ಪ್ರತಿ ಸಲವೂ ಸರಿಹೋಗುತ್ತದೆ ಅಂತಲ್ಲ. ಹೋದ ವಾರವೇ ಮೂಡಿಗೆರೆಯಲ್ಲಿ ಧೋ ಅಂತ ಸುರಿದದ್ದು ಘಟ್ಟದ ತಲೆಯಲ್ಲೇ ಕರಗಿಹೋಯಿತು, ನಾವು ಸುಮ್ಮನೆ ಮುಚ್ಚಿ ತೆಗೆದೆವು.

ಅಮ್ಮನಿಗೆ ನಮ್ಮಿಬ್ಬರ ಈ ಇಲಾಖೆಯ ಮೇಲೆ ಗೌರವ ಇಲ್ಲ. ಸಂಜೆ ನಾಲ್ಕಾದರೆ, ಮೋಡ ಇರಲಿ ಬಿಡಲಿ, ಅವಳು ಅಡಿಕೆಯನ್ನು ರಾಶಿ ಎಳೆದು ಮುಚ್ಚುತ್ತಾಳೆ. ಬೆಳಿಗ್ಗೆ ಒಂಬತ್ತಕ್ಕೆ ಹರಡುತ್ತಾಳೆ. ದಿನಕ್ಕೆ ಒಂದೆರಡು ಗಂಟೆ ಬಿಸಿಲು ನಷ್ಟ ಅಂತ ಅಪ್ಪನ ತಕರಾರು. "ಒಣಗಲಿಕ್ಕೆ ಎರಡು ದಿನ ಜಾಸ್ತಿ ಆದೀತು, ಅಷ್ಟಕ್ಕೆ ಹುಡುಗಿಯ ನಿದ್ದೆ ಯಾಕೆ ಕೆಡಿಸ್ತೀರಿ" ಅಂತ ಅವಳು. ಮೊಣಕಾಲು ನೋವು ಇಟ್ಟುಕೊಂಡು ಹಾಗೆ ರಾಶಿ ಎಳೆಯುತ್ತಾಳೆ ಅಂತ ನೆನೆದರೆ, ಪ್ಲಾಸ್ಟಿಕ್ ಮಾಡಿನ ಒಣಗಿಸುವ ಚಪ್ಪರವೊಂದನ್ನು ಈ ವರ್ಷವಾದರೂ ಹಾಕಿಸಬೇಕಿತ್ತು ಅನ್ನಿಸುತ್ತದೆ. ಹೋದ ವರ್ಷವೂ ಅನ್ನಿಸಿತ್ತು.

ಇದನ್ನು ಬರೆಯುತ್ತಿರುವಾಗ ಮೂರೂಮುಕ್ಕಾಲು. ಮೂಡಿಗೆರೆಯವಳು ಮೆಸೇಜ್ ಮಾಡಿದ್ದಾಳೆ: "ಕಪ್ಪಾಗಿದೆ, ಇನ್ನೂ ಬಿದ್ದಿಲ್ಲ." ಮನೆಗೆ ಫೋನ್ ಮಾಡಿದೆ.

"ಕಲ್ಲು ಕಾಣ್ತದಾ?"

"ತಲೆ ಕಾಣ್ತಾ ಉಂಟು. ಹಿಂದೆ ಎಂತ ಇಲ್ಲ. ಇನ್ನೊಂದು ಅರ್ಧ ಗಂಟೆ ಬಿಸಿಲು ಸಿಗಬಹುದಾ, ಹೇಳು."

ಅವರ ಮಾತಿನ ಹಿಂದೆ ಬರಬರ ಅಂತ ದೊಡ್ಡ ಸದ್ದು. ಮಳೆಯೇ ಅಂತ ಒಂದು ಕ್ಷಣ ನನಗೆ ಜೀವ ಹಾರಿತು. ಅಮ್ಮ ಟರ್ಪಾಲು ಎಳೆಯುತ್ತಿದ್ದಳು.

"ಅವಳು ಕೇಳ್ತಾಳಾ," ಅಂದರು ಅಪ್ಪ. "ಸರಿ, ಇಡ್ತೇನೆ. ಆ ಕಡೆ ತುದಿ ಹಿಡಿಯಲಿಕ್ಕೆ ಉಂಟು."