1ನೇ ಅಂಗಡಿಯ 12, 11ನೇ ಅಂಗಡಿಯ 2

ಗುರುವಾರ ಸಂಜೆ, ಧಾರವಾಡಕ್ಕೆ ಚಿಗರಿ ಬಸ್ ಹಿಡಿಯಬೇಕು ಅಂತ ಹುಬ್ಬಳ್ಳಿ ಆಫೀಸಿನಲ್ಲಿ ಬ್ಯಾಗ್ ಹೆಗಲಿಗೆ ಹಾಕಿಕೊಂಡಿದ್ದೆ. ಆಗ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಿಂದ ಫೋನ್. ನಮ್ಮ ಕ್ಲೈಂಟ್ ಅಲ್ಲಿ ಹಲವು ದಲಾಲಿ ಅಂಗಡಿಗಳ ಲೆಕ್ಕ ನೋಡಿಕೊಳ್ಳುತ್ತಾರೆ, ಬಿಲ್ ಆಗುವುದು ನಮ್ಮ ಸಾಫ್ಟ್‌ವೇರ್‌ನಲ್ಲಿ. ಮಾತಾಡಿದವರು ಅವರ ಗುಮಾಸ್ತರು. "ಸರ, ಡಬ್ಬಿ ತಂದ ರೈತಗ ಕಡ್ಡಿ ರೇಟಿನ ಬಿಲ್ ಬಂದೈತ್ರಿ. ಚೀಲದ ಲೆಕ್ಕಾನೂ ಬ್ಯಾರೆ ಐತಿ." ಡಬ್ಬಿ, ಕಡ್ಡಿ ಅಂದರೆ ಮೆಣಸಿನಕಾಯಿಯ ಎರಡು ತಳಿ, ರೇಟು ಬೇರೆ ಬೇರೆ.

ನಾನು ಏನೂ ನೋಡದೆ ಹೇಳಿಬಿಟ್ಟೆ: "ಎಂಟ್ರಿ ತಪ್ಪಾಗಿರಬೇಕು, ಇನ್ನೊಮ್ಮೆ ನೋಡ್ರಿ."

ಅದನ್ನು ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತದೆ. ಅವರು ಬರೆದದ್ದು ಅಕ್ಷರಶಃ ಸರಿಯಿತ್ತು.

ಡೇಟಾಬೇಸಿನಲ್ಲಿ ಲಾಟ್‌ಗೆ (ಒಟ್ಟಿಗೆ ಮಾರುವ ಮಾಲಿನ ರಾಶಿಗೆ) ಮೂರು ಕಾಲಮ್ ಸೇರಿ ಒಂದು ಕೀ, ಅಂದರೆ ಗುರುತು: ದಿನಾಂಕ, ಅಂಗಡಿ ನಂಬರ್, ಲಾಟ್ ನಂಬರ್. ಪ್ರತಿ ಅಂಗಡಿಯಲ್ಲೂ ಲಾಟ್ ನಂಬರ್ ದಿನಾ 1ರಿಂದ ಶುರುವಾಗುತ್ತದೆ, ಹಾಗಾಗಿ ಬೇರೆ ದಾರಿಯಿಲ್ಲ. ಜಾವಾದಲ್ಲಿ ಎಂಬೆಡೆಡ್ ಐಡಿ (ಮೂರನ್ನೂ ಹಿಡಿದ ಒಂದು ಕೀ ಕ್ಲಾಸ್) ಇಟ್ಟು ಆರಾಮಾಗಿ ನಡೆಯುತ್ತಿತ್ತು. ತೊಂದರೆ ಬಂದದ್ದು ಅದನ್ನು ಎಕ್ಸ್‌ಎಂಎಲ್ ಫೈಲಿಗೆ ಬರೆಯುವಾಗ. ತೂಕದ ದಾಖಲೆ ತನ್ನ ಲಾಟನ್ನು ಐಡಿರೆಫ್‌ನಿಂದ, ಅಂದರೆ ಆ ಲಾಟಿನ ಐಡಿ ಬರೆದು, ತೋರಿಸಬೇಕು. ಆದರೆ ಜಾವಾ ಆಬ್ಜೆಕ್ಟನ್ನು ಎಕ್ಸ್‌ಎಂಎಲ್‌ಗೆ ಬರೆಯುವ, ವಾಪಸ್ ಓದುವ ಜಾಕ್ಸ್‌ಬಿಯಲ್ಲಿ ಈ ಐಡಿ (ಎಕ್ಸ್‌ಎಂಎಲ್‌ಐಡಿ) ಅಂದರೆ ಒಂದೇ ಒಂದು ಸ್ಟ್ರಿಂಗ್. ಅದು ಅಂಕಿಯಿಂದ ಶುರುವಾಗುವಂತಿಲ್ಲ, ಇಡೀ ಫೈಲಿನಲ್ಲಿ ಎರಡು ಸಲ ಬರುವಂತಿಲ್ಲ. ಫೈಲ್ ದಿನಕ್ಕೊಂದು ಅಂತ ದಿನಾಂಕ ಬಿಟ್ಟೆ. ಮುಂದೆ ಒಂದು ಅಕ್ಷರ ಸೇರಿಸಿ, ಅಂಗಡಿ ನಂಬರ್, ಲಾಟ್ ನಂಬರ್ ಜೋಡಿಸಿದೆ. ಮೊದಲು ನಡುವೆ ಸ್ಲ್ಯಾಶ್ ಹಾಕಿದ್ದೆ. ಫೈಲು ನಿಯಮದ ಪ್ರಕಾರ ಇದೆಯಾ ಅಂತ ನೋಡುವ ಸ್ಕೀಮಾ ವ್ಯಾಲಿಡೇಷನ್ ಒಪ್ಪಲಿಲ್ಲ, ಐಡಿಯಲ್ಲಿ ಸ್ಲ್ಯಾಶ್ ನಡೆಯುವುದಿಲ್ಲ. ಡೆಮೋ ಮರುದಿನವೇ ಇತ್ತು, ಸುಮ್ನೆ ಸ್ಲ್ಯಾಶ್ ತೆಗೆದುಬಿಟ್ಟೆ.

ಫೋನ್ ಇಟ್ಟ ಮೇಲೆ ಮನಸ್ಸು ತಡೆಯಲಿಲ್ಲ, ಬ್ಯಾಗ್ ಇಳಿಸಿ ಕೂತೆ. ಮೊದಲು ಅನುಮಾನ ಬಂದದ್ದು ಎರಡು ಕೀ ಒಂದೇನಾ ಅಂತ ಹೋಲಿಸಲು ಕೀ ಕ್ಲಾಸಿನಲ್ಲಿರುವ ಈಕ್ವಲ್ಸ್, ಹ್ಯಾಶ್‌ಕೋಡ್ ಮೇಲೆ. ಮುಕ್ಕಾಲು ಗಂಟೆ ಅದರಲ್ಲೇ ಹೋಯಿತು. ಬ್ರೇಕ್‌ಪಾಯಿಂಟ್ ಹಾಕಿ ಹಾಕಿ ನೋಡಿದೆ, ಎಲ್ಲಾ ಸರಿ. ಅಷ್ಟರಲ್ಲಿ ಮತ್ತೆ ಫೋನ್: ಮೂವರು ರೈತರು ದುಡ್ಡು ತಗೊಂಡು ಊರಿಗೆ ಹೋಗಿದ್ದಾರೆ, ಉಳಿದವರು ಅಂಗಡಿ ಮುಂದೆ ನಿಂತಿದ್ದಾರೆ. ಕೈ ತಣ್ಣಗಾಯಿತು. ಕೊನೆಗೆ ಕೋಡ್ ಬಿಟ್ಟು ಆ ದಿನದ ಫೈಲನ್ನೇ ತೆರೆದು 112 ಅಂತ ಹುಡುಕಿದೆ. ಎರಡು ಲಾಟ್ ಸಿಕ್ಕವು. 1ನೇ ಅಂಗಡಿಯ 12ನೇ ಲಾಟ್, 11ನೇ ಅಂಗಡಿಯ 2ನೇ ಲಾಟ್, ಎರಡಕ್ಕೂ ಒಂದೇ ಐಡಿ. ಓದುವಾಗ ಜಾಕ್ಸ್‌ಬಿ ಅವನ್ನು ಐಡಿಗೆ ಒಂದೇ ಜಾಗ ಇರುವ ಹ್ಯಾಶ್‌ಮ್ಯಾಪಿನಲ್ಲಿ ಇಡುತ್ತದೆ, ಕೊನೆಗೆ ಬಂದದ್ದು ಮೊದಲಿನದನ್ನು ಅಳಿಸಿಹಾಕುತ್ತದೆ. ಹಾಗಾಗಿ ಎರಡೂ ಲಾಟಿನ ತೂಕ ಒಂದೇ ಲಾಟಿಗೆ ಹೋಗಿ ಸೇರುತ್ತದೆ. ಎಕ್ಸೆಪ್ಷನ್ ಇಲ್ಲ, ಲಾಗ್‌ನಲ್ಲಿ ಒಂದು ಸಾಲೂ ಇಲ್ಲ.

ವ್ಯಾಲಿಡೇಷನ್ ಇದ್ದಿದ್ದರೆ ಒಂದೇ ಐಡಿ ಎರಡು ಸಲ ಬಂದಿದೆ ಅಂತ ಅಲ್ಲೇ ನಿಲ್ಲಿಸುತ್ತಿತ್ತು. ಆದರೆ ಇಂಪೋರ್ಟ್ ನಿಧಾನ ಆಗುತ್ತಿದೆ ಅಂತ ಮ್ಯಾನೇಜರ್ ಅದನ್ನು ತೆಗೆಸಿದ್ದರು. ನಾನೂ ಬೇಡ ಅನ್ನಲಿಲ್ಲ. ವೇಗ ಬೇಕು ಸರಿ, ರೈತನ ಬಿಲ್ ತಪ್ಪಾಗುವಷ್ಟು ವೇಗ ಯಾರಿಗೆ ಬೇಕು? ನಮ್ಮ ಟೆಸ್ಟ್ ಡೇಟಾದಲ್ಲಿ ಅಂಗಡಿಗಳೆಲ್ಲ 101, 102, 103. ಮೂರಂಕಿ ಬಿಟ್ಟು ಬೇರೆ ಇರಲೇ ಇಲ್ಲ, ಡಿಕ್ಕಿ ಎಲ್ಲಿಂದ ಆಗಬೇಕು?

ರಾತ್ರಿಯೇ ನಡುವೆ ಹೈಫನ್ ಹಾಕಿದೆ, ಅದನ್ನು ಐಡಿ ಒಪ್ಪುತ್ತದೆ. ಐಡಿ ಕಟ್ಟುವ ಕೆಲಸವನ್ನು ಕೀ ಕ್ಲಾಸಿನ ಒಂದೇ ಮೆಥಡ್‌ಗೆ ಕೊಟ್ಟೆ, ಮೊದಲು ಮೂರು ಕಡೆ ಬರೆದಿದ್ದೆವು. ವ್ಯಾಲಿಡೇಷನ್ ವಾಪಸ್ ಬಂತು. ಟೆಸ್ಟ್ ಡೇಟಾಗೆ 1 ಮತ್ತು 11ನೇ ಅಂಗಡಿ ಸೇರಿದವು. ಸ್ಕೀಮಾದ ಕೀ, ಕೀರೆಫ್ ಬಳಸಿದರೆ ಹಲವು ಫೀಲ್ಡ್‌ಗಳ ಕೀಯನ್ನು ಹಾಗೇ ಹೇಳಬಹುದು, ಆದರೆ ಆಬ್ಜೆಕ್ಟ್ ಜೋಡಿಸುವಾಗ ಜಾಕ್ಸ್‌ಬಿ ಅದನ್ನು ನೋಡುವುದೇ ಇಲ್ಲ. ಜಾಕ್ಸ್‌ಬಿಯ ಇನ್ನೊಂದು ರೂಪವಾದ ಎಕ್ಲಿಪ್ಸ್‌ಲಿಂಕ್‌ನ ಮಾಕ್ಸಿಯಲ್ಲಿ ಇಂಥ ಕೀಗೆಂದೇ ಎಕ್ಸ್‌ಎಂಎಲ್‌ಕೀ, ಎಕ್ಸ್‌ಎಂಎಲ್‌ಜಾಯಿನ್‌ನೋಡ್ಸ್ ಇವೆ, ಅಂಟಿಸುವ ಗೋಜೇ ಇರುವುದಿಲ್ಲ. ಅದಕ್ಕೆ ಹೋಗೋಣ ಅಂತ ಎರಡು ಸಲ ಕೇಳಿದ್ದೇನೆ, ಎರಡು ಸಲವೂ "ಮುಂದಿನ ರಿಲೀಸ್‌ಗೆ" ಅನ್ನುವ ಉತ್ತರ ಬಂದಿದೆ.

ಆ ದಿನ ತಪ್ಪಾದ ಬಿಲ್ 17. ಶುಕ್ರವಾರ ಬೆಳಿಗ್ಗೆ ಬ್ಯಾಡಗಿಗೆ ಹೋಗಿ ಗುಮಾಸ್ತರ ಎದುರು ನಿಂತು ತಪ್ಪು ನನ್ನದು ಅಂತ ಹೇಳಿದೆ. ಅವರು ಚಹಾ ತರಿಸಿದರು, ಬೇರೇನೂ ಅನ್ನಲಿಲ್ಲ. ಮಧ್ಯಾಹ್ನದವರೆಗೆ ಇಬ್ಬರೂ ಕೂತು ತೂಕದ ಚೀಟಿಗಳನ್ನು ಬಿಲ್‌ಗೆ ಹೋಲಿಸಿದೆವು. ಊರಿಗೆ ಹೋಗಿದ್ದ ಮೂವರಲ್ಲಿ ಇಬ್ಬರು ಬಂದು ಉಳಿದ ದುಡ್ಡು ತಗೊಂಡರು. ಮೂರನೆಯವರ ಫೋನ್ ಹತ್ತಲಿಲ್ಲ, ಅವರ ಹೊಸ ಬಿಲ್ಲನ್ನು ಗಲ್ಲಾಪೆಟ್ಟಿಗೆಯ ಮೇಲೆ ಕಾಣುವ ಹಾಗೆ ಅಂಟಿಸಿ ಬಂದೆ.