ಮುತ್ತಜ್ಜನ ಮೆಡಲ್ ಅಂಚಲ್ಲಿ ಏನಿದೆ

ನಮ್ಮ ಮುತ್ತಜ್ಜ ಮೈಸೂರು ಲ್ಯಾನ್ಸರ್ಸ್‌ನಲ್ಲಿ, ಅಂದ್ರೆ ಮೈಸೂರು ಸಂಸ್ಥಾನದ ಕುದುರೆ ದಳದಲ್ಲಿ ಸವಾರ ಆಗಿದ್ರು, ಮೊದಲನೇ ಮಹಾಯುದ್ಧದಲ್ಲಿ 1918ರ ಸೆಪ್ಟೆಂಬರ್ 23ಕ್ಕೆ ಈಗಿನ ಇಸ್ರೇಲ್‌ನ ಹೈಫಾ ಊರನ್ನ ಕುದುರೆ ಮೇಲೆ ನುಗ್ಗಿ ಗೆದ್ದರಲ್ಲ, ಜೋಧಪುರದವರೂ ನಮ್ಮವರೂ ಸೇರಿ, ಅದೇ ದಳ. ಮನೇಲಿ ಉಳಿದಿರೋದು ಎರಡು ಮೆಡಲ್. ಒಂದು ಬ್ರಿಟಿಷ್ ವಾರ್ ಮೆಡಲ್, ಬೆಳ್ಳೀದು, ಒಂದು ಕಡೆ ಬ್ರಿಟಿಷ್ ದೊರೆ ಐದನೇ ಜಾರ್ಜ್, ಇನ್ನೊಂದು ಕಡೆ ಕುದುರೆ ಮೇಲೆ ಕೂತ ಸಂತ ಜಾರ್ಜ್. ಇನ್ನೊಂದು ವಿಕ್ಟರಿ ಮೆಡಲ್, ರೆಕ್ಕೆ ಇರೋ ದೇವತೆ, ಹಿಂದೆ 1914-1919.

ಆದ್ರೆ ನಿಜವಾದ ಮಾಹಿತಿ ಇರೋದು ಮುಖದಲ್ಲಲ್ಲ, ಅಂಚಲ್ಲಿ. ನಂಬರ್, ರ‍್ಯಾಂಕ್, ಹೆಸರು, ದಳ ಎಲ್ಲಾ ಅಲ್ಲೇ ಒತ್ತಿರ್ತಾರೆ. ಭೂತಗನ್ನಡಿ ಹಿಡಿದು, ಟಾರ್ಚ್ ಬೆಳಕನ್ನ ಓರೆಯಾಗಿ ಬಿಟ್ರೆ ಸವೆದ ಅಕ್ಷರಗಳೂ ಎದ್ದು ಕಾಣ್ತವೆ. ಹೆಸರಿನ ಸ್ಪೆಲಿಂಗ್ ನಮ್ಮ ಮನೆ ರೂಢಿಗಿಂತ ಬೇರೆ ಇದ್ರೆ ಗಾಬರಿ ಬೇಡ, ಅದಕ್ಕೇ ಹೆಸರಿಗಿಂತ ನಂಬರ್ ಹಿಡ್ಕೊಂಡು ಹಳೇ ದಾಖಲೆಗಳಲ್ಲಿ ಹುಡುಕೋದು ವಾಸಿ ಅಂತ ನನ್ನ ಅಭಿಪ್ರಾಯ. ಲೋಹಾನೂ ನೋಡಿ, ವಾರ್ ಮೆಡಲ್ ಕಂಚಿಂದಾಗಿದ್ರೆ ಅದು ಹೆಚ್ಚಾಗಿ ಲೇಬರ್ ಕೋರ್‌ನವರಿಗೆ, ಅಂದ್ರೆ ಸೈನ್ಯದ ಕೂಲಿ ಕೆಲಸದ ದಳದವರಿಗೆ ಕೊಟ್ಟಿದ್ದು, ಅವರೂ ಕಡಲು ದಾಟಿ ದುಡಿದವರೇ, ಅವರ ಹೆಸರೂ ಓದ್ಬೇಕು.

ದಯವಿಟ್ಟು ಹುಣಸೆಹಣ್ಣು, ಪಾಲಿಶ್ ಏನೂ ಹಾಕಿ ಉಜ್ಜಬೇಡಿ, ಉಜ್ಜಿದಷ್ಟೂ ಅಂಚಿನ ಹೆಸರು ಅಳಿಸಿ ಹೋಗತ್ತೆ.