ಡೆಲಿವರಿ ವಾರಂಟ್ ಜಾರಿಯಲ್ಲಿ ಪೊಲೀಸರ ಪಾಲು ಎಷ್ಟು?

ಬಾಡಿಗೆದಾರರನ್ನು ಖಾಲಿ ಮಾಡಿಸಿಕೊಡಿ ಎಂದು ಮನೆ ಮಾಲೀಕರು ಠಾಣೆಗೆ ಬರುವುದು ಹೊಸದೇನಲ್ಲ. ಕರಾರು ಪತ್ರ, ಬಾಡಿಗೆ ಬಾಕಿಯ ಲೆಕ್ಕ, ಕೆಲವೊಮ್ಮೆ ಡಿಕ್ರಿಯ (ದಾವೆಯ ತೀರ್ಪಿನಂತೆ ನ್ಯಾಯಾಲಯ ಕೊಟ್ಟ ಆದೇಶ) ಪ್ರತಿಯೂ ಅವರ ಕೈಯಲ್ಲಿರುತ್ತದೆ. ಆದರೆ ಡಿಕ್ರಿ ಆದ ಮಾತ್ರಕ್ಕೆ ಪೊಲೀಸರು ಯಾರ ಮನೆಯನ್ನೂ ಖಾಲಿ ಮಾಡಿಸುವಂತಿಲ್ಲ. ಡಿಕ್ರಿ ಪಡೆದವರು, ಅಂದರೆ ಡಿಕ್ರಿದಾರರು, ಅದನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಹಾಕಬೇಕು, ನ್ಯಾಯಾಲಯವು ಸ್ವಾಧೀನ ಕೊಡಿಸುವಂತೆ ಡೆಲಿವರಿ ವಾರಂಟ್ ಹೊರಡಿಸಬೇಕು, ಅದನ್ನು ಹಿಡಿದು ನ್ಯಾಯಾಲಯದ ಜಾರಿ ಸಿಬ್ಬಂದಿಯಾದ ಅಮೀನರು ಬರಬೇಕು. ಪೊಲೀಸ್ ನೆರವು ಕೊಡುವಂತೆ ನ್ಯಾಯಾಲಯ ಆದೇಶಿಸಿದಾಗ ನಾವು ಅವರ ಜೊತೆ ಹೋಗುತ್ತೇವೆ. ಸ್ವಾಧೀನ ಕೊಡಿಸುವವರು ಅಮೀನರು, ಶಾಂತಿ ಕಾಯುವವರು ನಾವು. ಬಂದೋಬಸ್ತಿಗೆ ಬರುವ ಹೊಸ ಸಿಬ್ಬಂದಿಗೆ ನಾನು ಮೊದಲು ಹೇಳುವುದು ಇದನ್ನೇ.

ಹೊರಡುವ ಮುನ್ನ ವಾರಂಟಿನ ಷೆಡ್ಯೂಲನ್ನು (ಆಸ್ತಿಯ ವಿವರ) ಠಾಣೆಯಲ್ಲೇ ಕುಳಿತು ಓದಬೇಕು. ಮನೆ ನಂಬರು ಒಂದೇ ಇದ್ದು, ನೆಲಮಹಡಿಯ ಎರಡು ಕೋಣೆಗಳಿಗೆ ಮಾತ್ರ ಡಿಕ್ರಿ ಆಗಿರುವುದುಂಟು. ಅದರಲ್ಲಿನ ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿಗಳ ವಿವರ) ಸ್ಥಳಕ್ಕೆ ತಾಳೆಯಾಗದಿದ್ದರೆ ಮುಂದುವರಿಯಬೇಕೋ ಬೇಡವೋ ಎಂಬುದನ್ನು ಅಮೀನರಿಗೆ ಬಿಡಬೇಕೇ ಹೊರತು, ಅವಸರದಲ್ಲಿರುವ ಮಾಲೀಕರ ಮಾತಿಗೆ ಕಿವಿಗೊಡಬಾರದು.

ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 35ನೇ ನಿಯಮವು ಬೀಗ ತೆಗೆಯಲು, ಅಗತ್ಯವಿದ್ದರೆ ಬಾಗಿಲು ಒಡೆಯಲು ಕೂಡ ಅವಕಾಶ ಕೊಡುತ್ತದೆ. ಆದರೆ ಅದಕ್ಕೆ ಮೊದಲು ಸಾಕಷ್ಟು ಎಚ್ಚರಿಕೆ ಕೊಡಬೇಕು, ಸಂಪ್ರದಾಯದಂತೆ ಹೊರಗೆ ಕಾಣಿಸಿಕೊಳ್ಳದ ಹೆಂಗಸರಿದ್ದರೆ ಅವರು ಹೊರಹೋಗಲು ಅನುಕೂಲ ಮಾಡಿಕೊಡಬೇಕು ಎಂದೂ ಹೇಳುತ್ತದೆ. ಮಹಿಳಾ ಸಿಬ್ಬಂದಿಯಿಲ್ಲದೆ ಇಂತಹ ಕೆಲಸಕ್ಕೆ ಹೊರಡುವುದು ನನಗಂತೂ ಒಪ್ಪಿಗೆಯಿಲ್ಲ. ಒಳಗೆ ಹೋದ ಮೇಲೆ ಒಲೆಯ ಮೇಲೆ ಹಾಲು ಕಾಯುತ್ತಿರುತ್ತದೆ, ಅಜ್ಜಿಯೊಬ್ಬರು ಮಂಚ ಬಿಟ್ಟು ಏಳುವ ಸ್ಥಿತಿಯಲ್ಲಿರುವುದಿಲ್ಲ. ಔಷಧಿ, ಮಕ್ಕಳ ಅಂಕಪಟ್ಟಿ, ರೇಷನ್ ಕಾರ್ಡ್, ಒಡವೆಗಳನ್ನು ಮೊದಲು ಮನೆಯವರೇ ತಮ್ಮ ಕೈಯಾರೆ ತೆಗೆದುಕೊಳ್ಳಲಿ ಎಂದು ಅಮೀನರನ್ನು ಕೇಳಿಕೊಳ್ಳುತ್ತೇನೆ. ಬೀರುವನ್ನು ಮಾಲೀಕರ ಕಡೆಯ ಆಳುಗಳು ಎತ್ತಿದರೆ ಸಂಜೆಯೊಳಗೆ ಸರ ಕಾಣೆಯಾಯಿತೆಂಬ ದೂರು ಬಂದೀತು. ಪಂಚರ (ಸ್ಥಳದ ಸಾಕ್ಷಿಗಳು) ಎದುರು ಸಾಮಾನುಗಳನ್ನು ಒಂದೊಂದಾಗಿ ಮಹಜರಿನಲ್ಲಿ (ಸ್ಥಳದಲ್ಲೇ ಬರೆಯುವ ದಾಖಲೆ) ಬರೆಸಿದ್ದರೆ ಆ ತಕರಾರಿಗೆ ಎಡೆಯಿರುವುದಿಲ್ಲ.

ತಡೆಯಾಜ್ಞೆ ಸಿಕ್ಕಿದೆ ಎಂದು ಮೊಬೈಲಿನಲ್ಲಿ ಚಿತ್ರ ತೋರಿಸುವವರು ಇದ್ದೇ ಇರುತ್ತಾರೆ. ಅದು ನಿಜವೋ ಸುಳ್ಳೋ ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಅಮೀನರು ನ್ಯಾಯಾಲಯದ ಕಚೇರಿಯಲ್ಲಿ ವಿಚಾರಿಸುವವರೆಗೆ ಎರಡೂ ಕಡೆಯವರನ್ನು ದೂರ ದೂರ ನಿಲ್ಲಿಸಿದರೆ ಸಾಕು. ದಾವೆಯಲ್ಲಿ ಹೆಸರೇ ಇಲ್ಲದ ಮೂರನೆಯವರು ಸ್ವಂತ ಹಕ್ಕು ಹೇಳಿ ಅಡ್ಡ ನಿಂತಾಗ ಅವರನ್ನು ಎಳೆದು ಹಾಕುವಂತಿಲ್ಲ. ಅಮೀನರು ವರದಿ ಬರೆಯುತ್ತಾರೆ, ಡಿಕ್ರಿದಾರರು ಅದೇ 21ನೇ ಆದೇಶದ 97ನೇ ನಿಯಮದಡಿ ಅರ್ಜಿ ಹಾಕುತ್ತಾರೆ, ಹಕ್ಕಿನ ಪ್ರಶ್ನೆಯನ್ನು ನ್ಯಾಯಾಲಯ ತೀರ್ಮಾನಿಸುತ್ತದೆ. ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದ ಮೇಲೆ ಮಾಲೀಕರ ಒತ್ತಾಯ ಹೆಚ್ಚಿರಬಹುದು, ಆದರೆ ಆ ಗಡುವನ್ನು ಬಾಗಿಲ ಬಳಿ ನಿಂತ ಪೇದೆಯ ಮೇಲೆ ಹೇರಲಾಗದು.

ಸ್ವಾಧೀನ ಕೊಟ್ಟು, ಹೊಸ ಬೀಗ ಬಿದ್ದು, ಮಹಜರಿಗೆ ಸಹಿಗಳಾದ ಬಳಿಕ ಹಳೆಯ ಬಾಡಿಗೆದಾರರು ಬೀಗ ಒಡೆದು ಒಳಸೇರಿದರೆ ಪೊಲೀಸರ ಪಾತ್ರ ಬದಲಾಗುತ್ತದೆ. ಆಗ ಮಾಲೀಕರು ಅತಿಕ್ರಮ ಪ್ರವೇಶದ ದೂರನ್ನು ನೇರವಾಗಿ ಠಾಣೆಗೇ ಕೊಡಬಹುದು, ಜೊತೆಗೆ ಮಹಜರಿನ ಪ್ರತಿಯನ್ನೂ ತರಬೇಕು.